ಎರಡು ಕಿರ್ದಿಯ ಬಾಳು: ‘ದಹಾಡ್’ ಧಾರಾವಾಹಿ ಮತ್ತು ಮಾಯಾಕಷಾಯ

ವ್ಯಾಪಾರಿ ಮನೆತನಗಳಲ್ಲಿ ಬೆಳೆದವರಿಗೆ ‘ಎರಡು ಲೆಕ್ಕ’ ಎಂಬ ಮಾತು ಅಪರಿಚಿತವಲ್ಲ. ತೆರಿಗೆಯವರು ಬಂದಾಗ ಗಾದಿಯ ಮೇಲೆ ತೆರೆದಿಡುವ ಕಿರ್ದಿ ಒಂದು. ಗಾದಿಯ ಕೆಳಗೆ ಉಳಿಯುವ ಕಿರ್ದಿ ಮತ್ತೊಂದು. ಮೊದಲನೆಯದರಲ್ಲಿ ಅಕ್ಷರ ದುಂಡಗೆ, ಬೇರೀಜು ಸರಿ, ದೋಷ ಹುಡುಕಿದರೂ ಸಿಗದು. ನಿಜವಾದ ವ್ಯವಹಾರವಿರುವುದು ಎರಡನೆಯದರಲ್ಲಿ. ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು, ಅವುಗಳಲ್ಲಿ ಒಂದಾಗಿ ಸೇರಿಸಿದ್ದಾರೆ. ಕಾಗದದ ಮೇಲಿನ ಸುಳ್ಳು ಲೆಕ್ಕಕ್ಕೇ ಇಷ್ಟು ದೋಷವಿರುವಾಗ, ತನ್ನ ಇಡೀ ಬಾಳನ್ನೇ ಎರಡು ಕಿರ್ದಿಯಾಗಿ ಬರೆದುಕೊಂಡವನ ವಿಷಯದಲ್ಲಿ ಏನು ಹೇಳೋಣ? ಅಂತಹ ಒಬ್ಬನನ್ನು ಕೇಂದ್ರದಲ್ಲಿಟ್ಟುಕೊಂಡು ರಚಿತವಾದ ಹಿಂದೀ ಧಾರಾವಾಹಿ ‘ದಹಾಡ್’. ಅದರ ಗುಣದೋಷಗಳನ್ನು ಶ್ರಾವಕ ದೃಷ್ಟಿಯಿಂದ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ರೀಮಾ ಕಾಗತಿ ಮತ್ತು ಜೋಯಾ ಅಖ್ತರ್ ಅವರು ರೂಪಿಸಿದ, ರೀಮಾ ಕಾಗತಿ ಹಾಗೂ ರುಚಿಕಾ ಒಬೆರಾಯ್ ಅವರು ನಿರ್ದೇಶಿಸಿದ ಈ ಎಂಟು ಕಂತುಗಳ ಧಾರಾವಾಹಿ ೨೦೨೩ರ ಮೇ ತಿಂಗಳಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾಯಿತು. ಅದೇ ವರ್ಷದ ಆರಂಭದಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿಯೂ ಇದರ ಪ್ರದರ್ಶನ ನಡೆದಿತ್ತು. ಹಿಂದಿಯೂ ದಖನಿಯೂ ಸಂತೆಯ ಭಾಷೆಗಳಾಗಿರುವ ನಮ್ಮ ಕಲಬುರಗಿ ಸೀಮೆಯಲ್ಲಿ ಇದು ಯಾವ ಅನುವಾದವನ್ನೂ ಬೇಡದೆ ನೇರವಾಗಿ ಮನೆಯ ಹಾಲಿನೊಳಗೆ ಬಂದು ಕುಳಿತುಕೊಳ್ಳುತ್ತದೆ. ನಂದೂರದಂತಹ ಊರಿನಲ್ಲಿಯೂ ಊಟದ ನಂತರ ಮನೆಮಂದಿಯೆಲ್ಲ ನೋಡುವುದು ಇಂತಹವುಗಳನ್ನೇ. ಆದುದರಿಂದ ಇವುಗಳ ಬಗ್ಗೆ ಮೌನವಾಗಿರುವುದಕ್ಕಿಂತ ವಿಚಾರ ಮಾಡುವುದು ಲೇಸು.

ಕಥೆ ನಡೆಯುವುದು ರಾಜಸ್ಥಾನದ ಮಂಡಾವಾ ಎಂಬ ಪಟ್ಟಣದಲ್ಲಿ. ಸಾರ್ವಜನಿಕ ಶೌಚಾಲಯಗಳಲ್ಲಿ ಒಬ್ಬರ ನಂತರ ಒಬ್ಬರು ಮದುವಣಗಿತ್ತಿಯ ಉಡುಗೆಯಲ್ಲಿ ಹೆಣವಾಗಿ ಸಿಗುತ್ತಾರೆ. ಒಳಗಿನಿಂದ ಅಗುಳಿ; ದೇಹದಲ್ಲಿ ವಿಷ. ಪ್ರತಿಯೊಂದು ಠಾಣೆಯೂ ಅದನ್ನು ಆತ್ಮಹತ್ಯೆ ಎಂದು ಬರೆದು ಕಡತ ಮುಚ್ಚುತ್ತದೆ. ಅಂಜಲಿ ಭಾಟಿ ಎಂಬ ಸಬ್ ಇನ್ಸ್‌ಪೆಕ್ಟರ್ ಈ ಬಿಡಿ ಸಾವುಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತಾಳೆ. ದಾರದ ತುದಿಯಲ್ಲಿರುವವನು ಆನಂದ ಸ್ವರ್ಣಕಾರ: ಕಾಲೇಜಿನಲ್ಲಿ ಹಿಂದೀ ಸಾಹಿತ್ಯ ಬೋಧಿಸುವ ಮೃದುಭಾಷಿ, ಹೆಂಡತಿ ಮಗನಿರುವ ಗೃಹಸ್ಥ, ಬಿಡುವಿನ ದಿನಗಳಲ್ಲಿ ಪುಸ್ತಕ ತುಂಬಿದ ವಾಹನವನ್ನು ಹಳ್ಳಿಗಳಿಗೆ ಒಯ್ದು ಬಡ ಮಕ್ಕಳಿಗೆ ಪಾಠ ಹೇಳುವ ಸಜ್ಜನ. ಸೋನಾಕ್ಷಿ ಸಿನ್ಹಾ ಅಂಜಲಿಯಾಗಿ, ವಿಜಯ್ ವರ್ಮಾ ಆನಂದನಾಗಿ, ನಮ್ಮ ಬೆಂಗಳೂರಿನ ಗುಲ್ಶನ್ ದೇವಯ್ಯ ಠಾಣಾಧಿಕಾರಿಯಾಗಿ ಅಭಿನಯಿಸಿದ್ದಾರೆ. ಕೊಲೆಗಾರ ಯಾರೆಂಬುದನ್ನು ಧಾರಾವಾಹಿಯು ಬಹಳ ಹೊತ್ತು ಮುಚ್ಚಿಡುವುದಿಲ್ಲ. ಆದುದರಿಂದ ‘ಯಾರು’ ಎಂಬ ಕುತೂಹಲ ಬೇಗ ತೀರಿ, ‘ಇಷ್ಟು ದಿನ ಯಾರಿಗೂ ಏಕೆ ತಿಳಿಯಲಿಲ್ಲ’ ಎಂಬ ಪ್ರಶ್ನೆ ಉಳಿಯುತ್ತದೆ. ಈ ಕೃತಿಯ ನಿಜವಾದ ಬೆಲೆ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಕಥೆ ರಾಜಸ್ಥಾನದ್ದಾದರೂ ಅದರ ಎಲುಬು ಕರ್ನಾಟಕದ್ದು ಎಂಬುದನ್ನು ಪತ್ರಿಕೆಗಳು ಬಿಡುಗಡೆಯ ಕಾಲಕ್ಕೇ ಗುರುತಿಸಿದವು. ದಕ್ಷಿಣ ಕನ್ನಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ ಮೋಹನ್ ಕುಮಾರ್, ಜನರ ಬಾಯಲ್ಲಿ ‘ಸಯನೈಡ್ ಮೋಹನ್’, ೨೦೦೩ರಿಂದ ೨೦೦೯ರ ವರೆಗೆ ಇಪ್ಪತ್ತು ಮಂದಿ ಯುವತಿಯರನ್ನು ಕೊಂದ. ಅವನ ವಿಧಾನ ಹೆಚ್ಚುಕಡಿಮೆ ಒಂದೇ. ಬಡ ಮನೆಯ, ಮದುವೆಯ ವಯಸ್ಸು ಮೀರುತ್ತಿರುವ ಹೆಣ್ಣುಮಗಳನ್ನು ಪರಿಚಯ ಮಾಡಿಕೊಳ್ಳುವುದು; ಸುಳ್ಳು ಹೆಸರು ಹೇಳಿ, ತಾನೂ ಆಕೆಯ ಜಾತಿಯವನೇ ಎಂದು, ಸರಕಾರಿ ನೌಕರಿಯಿದೆ ಎಂದು, ವರದಕ್ಷಿಣೆ ಬೇಡ ಎಂದು ನಂಬಿಸುವುದು; ಮದುವೆಯ ಆಸೆ ತೋರಿಸಿ ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರುಗಳಂತಹ ಊರಿಗೆ ಕರೆದೊಯ್ಯುವುದು. ಮರುದಿನ ಒಡವೆಯನ್ನು ವಸತಿಗೃಹದ ಕೋಣೆಯಲ್ಲಿಯೇ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಹೇಳಿ ಮಾತ್ರೆ ಕೊಟ್ಟು, ವಾಂತಿಯಾದೀತು, ಶೌಚಾಲಯದೊಳಗೆ ಹೋಗಿ ನುಂಗು ಎನ್ನುವುದು. ಅನಂತರ ಕೋಣೆಗೆ ಮರಳಿ ಒಡವೆಯೊಡನೆ ಊರು ಸೇರುವುದು. ಊರಿನಲ್ಲಿ ಅವನಿಗೆ ಸಂಸಾರವಿತ್ತು. ಒಂದಲ್ಲ, ಒಂದಕ್ಕಿಂತ ಹೆಚ್ಚು.

೨೦೦೯ರಲ್ಲಿ ಬಂಟ್ವಾಳದ ಕಡೆಯ ಒಬ್ಬ ಯುವತಿ ಕಾಣೆಯಾದಾಗ, ಆಕೆ ಅನ್ಯಧರ್ಮದ ಹುಡುಗನೊಡನೆ ಹೋಗಿರಬೇಕೆಂಬ ಗುಮಾನಿ ಹಬ್ಬಿ ಜನ ಠಾಣೆಯ ಮುಂದೆ ಸೇರಿದರು. ಆ ಒತ್ತಡದಿಂದ ತನಿಖೆ ಚುರುಕಾಯಿತು. ಆಕೆಯ ದೂರವಾಣಿಯ ಕರೆಪಟ್ಟಿ ಇನ್ನೊಬ್ಬ ಹೆಣ್ಣಿನ ಸಂಖ್ಯೆಗೆ ಒಯ್ದಿತು, ಆಕೆಯೂ ಕಾಣೆ. ಅಲ್ಲಿಂದ ಮತ್ತೊಬ್ಬಳು, ಆಕೆಯೂ ಕಾಣೆ. ಅಕ್ಟೋಬರಿನಲ್ಲಿ ಮೋಹನ್ ಕುಮಾರ್ ಸೆರೆಯಾದ. ೨೦೧೩ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. ೨೦೧೭ರಲ್ಲಿ ಉಚ್ಚ ನ್ಯಾಯಾಲಯ ಅವುಗಳಲ್ಲೊಂದರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು ೨೦೨೦ರ ಜೂನ್‌ನಲ್ಲಿ. ಆರು ವರ್ಷಗಳ ಕೊಲೆಗೆ ಹನ್ನೊಂದು ವರ್ಷಗಳ ಲೆಕ್ಕ.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಇಪ್ಪತ್ತು ಮನೆಗಳಲ್ಲಿ ಇಪ್ಪತ್ತು ಹೆಣ್ಣುಮಕ್ಕಳು ಸಂಜೆಗೆ ಮನೆಗೆ ಬರಲಿಲ್ಲ. ಆದರೂ ಆರು ವರ್ಷ ಕೂಗು ಏಳಲಿಲ್ಲ. ಏಕೆ? ಹಲವು ಮನೆಗಳವರು ದೂರನ್ನೇ ಕೊಡಲಿಲ್ಲ. ಮಗಳು ಯಾರೊಡನೆಯೋ ಹೋಗಿರಬೇಕು. ಹೊರಗೆ ತಿಳಿದರೆ ಮಾನ ಹೋದೀತು. ಉಳಿದ ಹೆಣ್ಣುಮಕ್ಕಳ ಮದುವೆ ನಿಂತೀತು. ಈ ಲೆಕ್ಕಾಚಾರದಲ್ಲಿ ಬಾಯಿ ಮುಚ್ಚಿಕೊಂಡರು. ಇತ್ತ ಹೆಣ ಸಿಕ್ಕ ಊರಿನ ಪೊಲೀಸರು ‘ಅಪರಿಚಿತ ಹೆಂಗಸು, ಅಸಹಜ ಸಾವು’ ಎಂದು ಬರೆದು ಸುಮ್ಮನಾದರು. ಕೇಳುವವರಿಲ್ಲದ ಹೆಣ ಒಂದು ಜಿಲ್ಲೆಯಲ್ಲಿ, ಹೇಳದೆ ನುಂಗಿದ ದುಃಖ ಮತ್ತೊಂದು ಜಿಲ್ಲೆಯಲ್ಲಿ. ಎರಡೂ ಸಂಧಿಸಲೇ ಇಲ್ಲ. ಕೊಲೆಗಾರನಿಗೆ ವಿಷ ಎಷ್ಟು ಅಗತ್ಯವಾಗಿತ್ತೋ ಈ ಮೌನವೂ ಅಷ್ಟೇ ಅಗತ್ಯವಾಗಿತ್ತು. ಅವನು ಆರಿಸಿದ್ದು ಒಬ್ಬೊಬ್ಬ ಹೆಣ್ಣನ್ನಲ್ಲ, ತನ್ನ ಮಾನಕ್ಕಾಗಿ ಪ್ರಶ್ನೆ ಕೇಳದಿರುವ ಒಂದೊಂದು ಮನೆಯನ್ನು ಎಂದರೆ ತಪ್ಪಾಗಲಾರದು.

‘ದಹಾಡ್’ ಈ ಸತ್ಯವನ್ನು ಹಿಡಿದಿದೆ. ಅದಕ್ಕಾಗಿ ಅದನ್ನು ಮೆಚ್ಚಬೇಕು. ಅದರಲ್ಲಿ ಒಬ್ಬ ಬಡ ದಲಿತ ಯುವಕ ತನ್ನ ತಂಗಿ ಕಾಣೆಯಾಗಿದ್ದಾಳೆಂದು ಠಾಣೆಗೆ ಅಲೆಯುತ್ತಾನೆ; ಕೇಳುವವರಿಲ್ಲ. ಅದೇ ಹೊತ್ತಿಗೆ ಠಾಕೂರರ ಹುಡುಗಿಯೊಬ್ಬಳು ಮುಸಲ್ಮಾನ ಹುಡುಗನೊಡನೆ ಹೋದಳೆಂದು ಊರಿಗೆ ಊರೇ ಎದ್ದು ನಿಲ್ಲುತ್ತದೆ, ಪೊಲೀಸರು ಓಡಾಡುತ್ತಾರೆ. ಆಗ ಆ ಅಣ್ಣನೂ ತನ್ನ ತಂಗಿಯನ್ನು ಮುಸಲ್ಮಾನನೊಬ್ಬ ಕರೆದೊಯ್ದನೆಂದು ಸುಳ್ಳು ಹೇಳುತ್ತಾನೆ. ಆ ಸುಳ್ಳಿಗೆ ಮಾತ್ರ ಠಾಣೆ ಕಿವಿಗೊಡುತ್ತದೆ. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ತೀಕ್ಷ್ಣವಾದ ಪ್ರಸಂಗ ಮತ್ತೊಂದಿಲ್ಲ. ಹೆಣ್ಣಿನ ಪ್ರಾಣಕ್ಕೆ ಬೆಲೆಯಿಲ್ಲ, ಆಕೆ ಯಾರೊಡನೆ ಹೋದಳೆಂಬುದಕ್ಕೆ ಬೆಲೆಯಿದೆ ಎಂಬುದನ್ನು ಅದು ಯಾವ ಭಾಷಣವೂ ಇಲ್ಲದೆ ತೋರಿಸುತ್ತದೆ. ಅಂಜಲಿಯ ಮನೆಯಲ್ಲಿಯೂ ತಾಯಿ ದಿನವೂ ವರಗಳ ಭಾವಚಿತ್ರ ಹಿಡಿದು ಕಾಡುತ್ತಾಳೆ; ಠಾಣೆಯಲ್ಲಿ ಅವಳು ಹಾದುಹೋದಾಗ ಪೇದೆಯೊಬ್ಬ ಜಾತಿಯ ಮೈಲಿಗೆ ಕಳೆಯಲು ಊದಿನಕಡ್ಡಿ ಹಚ್ಚುತ್ತಾನೆ. ತನ್ನ ಮನೆತನದ ‘ಮೇಘವಾಲ್’ ಎಂಬ ಹೆಸರನ್ನು ಮರೆಸಿ ‘ಭಾಟಿ’ ಎಂದು ಬರೆಸಿಕೊಂಡಿದ್ದ ಆಕೆ ಕೊನೆಯಲ್ಲಿ ತನ್ನ ಹೆಸರಿಗೆ ಮರಳುತ್ತಾಳೆ. ಕೊಲೆಗಾರನ ಎರಡು ಮುಖ ಕಳಚುವ ಕಥೆಯೊಳಗೆ, ಅವನನ್ನು ಹಿಡಿಯುವವಳೂ ತನ್ನ ಮೇಲೆ ಸಮಾಜ ಹೇರಿದ ಮುಸುಕನ್ನು ಕಳಚುತ್ತಾಳೆ. ಇದು ಉತ್ತಮವಾದ ಕಟ್ಟು.

ದೋಷಗಳೂ ಇವೆ. ಎಂಟು ಕಂತುಗಳಲ್ಲಿ ನಡುವಿನವು ಬೆನ್ನಟ್ಟುವಿಕೆಯಲ್ಲಿಯೇ ಸವೆದುಹೋಗುತ್ತವೆ. ಆನಂದನ ಕ್ರೌರ್ಯಕ್ಕೆ ಕಾರಣವನ್ನು ಅವನ ತಂದೆಯ ಮನೆಯಲ್ಲಿ, ಬಾಲ್ಯದಲ್ಲಿ ಹುಡುಕುವ ಪ್ರಯತ್ನ ನಡೆದಿದೆ. ಇದು ಇಂದಿನ ಅಪರಾಧ ಧಾರಾವಾಹಿಗಳ ವಾಡಿಕೆ. ಬಾಲ್ಯದ ನೋವನ್ನು ಅಲ್ಲಗಳೆಯುವವರಲ್ಲ ನಾವು. ಆದರೆ ತಂದೆಯ ತಾತ್ಸಾರ ಉಂಡವರೆಲ್ಲ ವಿಷ ಹಂಚುವುದಿಲ್ಲ. ಕಷಾಯವು ಜೀವದಲ್ಲಿ ದಿನದಿನವೂ ಪೋಷಿಸಲ್ಪಟ್ಟು ಬೆಳೆಯುವಂಥದು. ಪ್ರತಿಯೊಂದು ಸಲವೂ ಅದಕ್ಕೆ ‘ಬೇಡ’ ಎನ್ನುವ ಅವಕಾಶ ಜೀವಕ್ಕಿರುತ್ತದೆ. ಇನ್ನೂ ದೊಡ್ಡ ದೋಷವೆಂದರೆ, ಸತ್ತ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಠಾಣೆಯ ಗೋಡೆಯ ಮೇಲಿನ ಭಾವಚಿತ್ರಗಳಾಗಿಯೇ ಉಳಿಯುತ್ತಾರೆ. ಆನಂದ ಹೇಗೆ ನಗುತ್ತಾನೆ, ಹೇಗೆ ಮಾತಾಡುತ್ತಾನೆ, ಮಗನೊಡನೆ ಹೇಗಿರುತ್ತಾನೆ ಎಂಬುದೆಲ್ಲ ನಮಗೆ ತಿಳಿಯುತ್ತದೆ. ಮನೆಯಿಂದ ಹೊರಡುವ ರಾತ್ರಿ ಆ ಹೆಣ್ಣುಮಗಳು ಏನನ್ನು ನೆನೆದಳು, ಯಾರಿಗೆ ಹೇಳಬೇಕೆಂದು ಹೇಳದೆ ಹೋದಳು ಎಂಬುದು ತಿಳಿಯುವುದಿಲ್ಲ. ನಿಜ ಜೀವನದಲ್ಲಿ ಆದದ್ದೂ ಇದೇ: ಕೊಂದವನ ಹೆಸರು ನಾಡಿಗೆಲ್ಲ ಗೊತ್ತು, ಸತ್ತವರ ಹೆಸರು ಅವರ ಓಣಿಯಲ್ಲಿಯೂ ಮೆಲ್ಲನೆ ಉಚ್ಚಾರವಾಗುತ್ತದೆ.

ಇಲ್ಲಿಯೇ ನಮ್ಮ ಪ್ರಾಚೀನ ಕಥೆಯೊಂದು ನೆನಪಾಗುವುದು ಸಹಜ. ಎರಡು ಮುಖದ ಬಾಳು ಮತ್ತು ವಿಷಪ್ರಯೋಗದ ಕಥೆ ಜೈನ ಸಾಹಿತ್ಯಕ್ಕೆ ಹೊಸದಲ್ಲ. ಯಶೋಧರನ ಕಥೆಯನ್ನು ಸೋಮದೇವಸೂರಿಯು ೯೫೯ರಲ್ಲಿ ಸಂಸ್ಕೃತದಲ್ಲಿ ‘ಯಶಸ್ತಿಲಕ’ವಾಗಿ ರಚಿಸಿದ. ಅದೇ ಶತಮಾನದಲ್ಲಿ ಪುಷ್ಪದಂತ ಕವಿ ಅಪಭ್ರಂಶದಲ್ಲಿ ‘ಜಸಹರಚರಿಉ’ ಬರೆದದ್ದು ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಅಂದರೆ ಕಾಗಿಣಾ ದಂಡೆಯ ನಮ್ಮ ಮಳಖೇಡದಲ್ಲಿ. ಕನ್ನಡಕ್ಕೆ ಅದನ್ನು ಜನ್ನ ಕವಿ ೧೨೦೯ರಲ್ಲಿ ‘ಯಶೋಧರ ಚರಿತೆ’ಯಾಗಿ ತಂದ. ಹಗಲು ಪಟ್ಟದ ರಾಣಿಯಾಗಿ, ಇರುಳು ಮಾವುತನ ಬಳಿಗೆ ಹೋಗುವವಳಾಗಿ ಬಾಳುವ ಅಮೃತಮತಿ ಕೊನೆಗೆ ಗಂಡನಿಗೂ ಅತ್ತೆಗೂ ಊಟದಲ್ಲಿ ವಿಷವಿಕ್ಕುತ್ತಾಳೆ. ಸಾಮಾನ್ಯವಾಗಿ ನಾವು ಈ ಕಥೆಯಿಂದ ಕಲಿಯುವುದು ಹಿಟ್ಟಿನ ಕೋಳಿಯ ಪಾಠ: ಪ್ರಾಣವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಯೆಂಬ ಭಾವದಿಂದ ಕಡಿದರೂ ಅದು ಸಂಕಲ್ಪಹಿಂಸೆಯೇ. ಪಾಠ ಸರಿ. ಆದರೆ ಆ ಕೋಳಿ ಎಲ್ಲಿಂದ ಬಂತು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ರಾಣಿಯ ನಡತೆಯನ್ನು ಕಣ್ಣಾರೆ ಕಂಡ ಯಶೋಧರ, ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಅದು ಅವನ ದೊಡ್ಡತನ. ಆದರೆ ಮರುದಿನ ಮಗನ ಮುಖ ಬಾಡಿರುವುದನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳಿದಾಗ, ಅವನು ಕಂಡದ್ದನ್ನು ಹೇಳುವುದಿಲ್ಲ. ಕೆಟ್ಟ ಕನಸು ಕಂಡೆ ಎನ್ನುತ್ತಾನೆ. ಮನೆಯ ಮಾತು ಹೊರಬೀಳಬಾರದೆಂಬ ಒಂದು ಮರೆ. ಕನಸಿನ ದೋಷಕ್ಕೆ ತಾಯಿ ಬಲಿಯ ಪರಿಹಾರ ಹೇಳುತ್ತಾಳೆ. ಬಲಿ ಒಲ್ಲೆನೆಂದ ಮಗನಿಗಾಗಿ ಹಿಟ್ಟಿನ ಕೋಳಿ ಬರುತ್ತದೆ. ಅದರ ಹಿಂದೆಯೇ ವಿಷದ ಊಟ, ಭವಭವಗಳ ಅಲೆದಾಟ. ಅಮೃತಮತಿಯ ವಿಷ ಎರಡನೆಯದು. ಮಾನಕ್ಕಾಗಿ ಹೇಳಿದ ಕನಸಿನ ಸುಳ್ಳು ಮೊದಲನೆಯದು. ಆ ಒಂದು ದಿನ ತಾಯಿಮಗ ನಿಜವನ್ನು ಆಡಿಕೊಂಡಿದ್ದರೆ ಹಿಟ್ಟಿನ ಕೋಳಿಗೆ ಕಥೆಯಲ್ಲಿ ಜಾಗವೇ ಇರುತ್ತಿರಲಿಲ್ಲ. ಬಂಟ್ವಾಳದ ಸುತ್ತಿನ ಮನೆಗಳಲ್ಲಿ ‘ಮಗಳು ಕೆಲಸಕ್ಕೆ ಹೋಗಿದ್ದಾಳೆ, ನೆಂಟರ ಮನೆಗೆ ಹೋಗಿದ್ದಾಳೆ’ ಎಂದವರಿದ್ದರೆ, ಅವರೂ ಯಶೋಧರನ ಕನಸನ್ನೇ ಹೇಳಿದವರು. ಅವರು ದುಷ್ಟರಲ್ಲ, ನೊಂದವರು. ಆದರೆ ಆ ಮರೆಯಲ್ಲಿ ಮುಂದಿನ ಹೆಣ್ಣುಮಗಳಿಗೆ ಮಾತ್ರೆ ಸಿದ್ಧವಾಯಿತು.

ಮತ್ತೊಂದು ವ್ಯತ್ಯಾಸವನ್ನೂ ಹೇಳಬೇಕು. ಜನ್ನನ ಕಾವ್ಯ ವಿಷವಿಕ್ಕಿದವಳ ಹಿಂದೆ ಹೋಗುವುದಕ್ಕಿಂತ ಹೆಚ್ಚಾಗಿ ವಿಷ ಉಂಡವರ ಹಿಂದೆ ಹೋಗುತ್ತದೆ. ನವಿಲಾಗಿ, ನಾಯಿಯಾಗಿ, ಕೊನೆಗೆ ಕೋಳಿಗಳಾಗಿ ಅವರು ಪಡುವ ಪಾಡನ್ನು ನಾವು ನೋಡುತ್ತೇವೆ. ಕಟ್ಟಕಡೆಗೆ ಅಭಯರುಚಿ, ಅಭಯಮತಿಯರಾಗಿ ಅವರೇ ತಮ್ಮ ಕಥೆ ಹೇಳುತ್ತಾರೆ, ಆ ಕಥೆ ಕೇಳಿದ ಮಾರಿದತ್ತ ರಾಜ ಕತ್ತಿ ಕೆಳಗಿಡುತ್ತಾನೆ. ಸತ್ತವರಿಗೆ ಮಾತು ಕೊಟ್ಟದ್ದರಿಂದ ಕೊಲ್ಲಲಿದ್ದವನ ಕೈ ನಿಂತಿತು. ‘ದಹಾಡ್’ ಎಂದರೆ ಘರ್ಜನೆ. ಆದರೆ ಅದರಲ್ಲಿ ಸತ್ತವರ ಧ್ವನಿ ಕೇಳಿಸುವುದು ಕಡಿಮೆ.

ಕೊನೆಯದಾಗಿ, ವ್ಯಾಪಾರಿಗಳಾದ ನಮಗೆ ಈ ಪ್ರಕರಣದಲ್ಲಿ ಬೇರೊಂದು ಪಾಠವಿದೆ. ಆಭರಣದ ಕೆಲಸದವನೆಂದು ಹೇಳಿಕೊಂಡು ಮೋಹನ್ ಕುಮಾರ್ ಸಯನೈಡ್ ಪಡೆದುಕೊಂಡ. ಯಾವುದೋ ಅಂಗಡಿಯಲ್ಲಿ ಯಾರೋ ಅದನ್ನು ತೂಗಿಕೊಟ್ಟರು. ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ವಿಷವಾಣಿಜ್ಯವನ್ನು ಹಿರಿಯರು ಸೇರಿಸಿದ್ದು ಬರಿಯ ಮಡಿವಂತಿಕೆಯಿಂದಲ್ಲ ಎಂಬುದು ಇಲ್ಲಿ ಅರ್ಥವಾಗುತ್ತದೆ. ನಂಬಿ ಕೋಣೆಯಲ್ಲಿ ಬಿಟ್ಟುಹೋದ ಒಡವೆಯನ್ನು ಅವನು ಎತ್ತಿಕೊಂಡ. ಅದು ನ್ಯಾಸಾಪಹಾರ, ಇಟ್ಟುಹೋದದ್ದನ್ನು ಅಪಹರಿಸುವ ದೋಷ. ಆ ಒಡವೆ ಅವನಿಂದ ಕೈದಾಟಿ ಹಣವಾಗುವಾಗ, ಪಡೆದುಕೊಂಡವರು ಹೆಣ್ಣಿನ ಒಡವೆ ಇವನ ಕೈಗೆ ಮತ್ತೆಮತ್ತೆ ಹೇಗೆ ಬಂತೆಂದು ಕೇಳಬೇಕಾಗಿತ್ತು. ಕಳವಿನ ಮಾಲನ್ನು ಕೊಳ್ಳುವುದನ್ನು ತದಾಹೃತಾದಾನವೆಂದು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದು ಇದಕ್ಕಾಗಿಯೇ. ಸಾವಿರ ವರ್ಷಗಳ ಹಿಂದಿನ ಪಟ್ಟಿ ಇಂದಿನ ಚಾರ್ಜ್‌ಶೀಟಿನಂತೆ ಓದಿಸಿಕೊಳ್ಳುತ್ತದೆ.

ಆನಂದನ ಪುಸ್ತಕದ ವಾಹನವೂ ಮರೆಯತಕ್ಕದ್ದಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಅವನು ಶಾಸ್ತ್ರದಾನ ಮಾಡುತ್ತಲೇ ಇದ್ದ. ಔಷಧವೆಂದು ವಿಷ ಕೊಟ್ಟ. ಅಭಯವೆಂದು ಸುಳ್ಳು ಕೊಟ್ಟ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳು ಒಳಗಿರುವ ತನಕ ಹೊರಗಿನ ವ್ರತ ವ್ರತವಾಗದು ಎಂಬುದು ಆಚಾರ್ಯರ ಅಭಿಪ್ರಾಯ. ದಾನಿಯ ಹೆಸರನ್ನು ಅಮೃತಶಿಲೆಯ ಮೇಲೆ ಕೆತ್ತಿಸುವ ಮೊದಲು, ಆ ಹಣದ ಮೂಲವನ್ನೂ ಆ ಮನುಷ್ಯನ ನಡತೆಯನ್ನೂ ವಿನಯದಿಂದಲೇ ವಿಚಾರಿಸುವ ಪದ್ಧತಿ ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಬರಬೇಕು.

ಇಂತಹ ಧಾರಾವಾಹಿಗಳನ್ನು ಮನೆಯಲ್ಲಿ ನೋಡಬಹುದೇ ಎಂದು ಕೇಳುವವರಿದ್ದಾರೆ. ಮಕ್ಕಳಿಗೆ ಇದು ತಕ್ಕದ್ದಲ್ಲ. ದೊಡ್ಡವರು ನೋಡಿದರೆ ತಪ್ಪಿಲ್ಲ. ಆದರೆ ನೋಡಿ ‘ಅಬ್ಬಾ, ಎಂತಹ ರಾಕ್ಷಸ’ ಎಂದು ಎದ್ದುಹೋಗುವುದಾದರೆ ನೋಡದಿರುವುದೇ ಮೇಲು. ರಾಕ್ಷಸ ದೂರದವನು, ಅವನನ್ನು ಬೈಯುವುದು ಸುಲಭ. ಮನೆಯ ಮಾನಕ್ಕಾಗಿ ಮಗಳ ಮಾತನ್ನು ಅಡಗಿಸುವವರು ಹತ್ತಿರದವರು.

ದಶಲಕ್ಷಣ ಪರ್ವದ ಮೂರನೆಯ ದಿನ ಉತ್ತಮ ಆರ್ಜವದ ದಿನ. ಮನಸ್ಸು, ಮಾತು, ಕಾಯ ಮೂರೂ ಒಂದೇ ಗೆರೆಯಲ್ಲಿರುವುದು ಆರ್ಜವ. ಆ ದಿನ ಪ್ರವಚನದ ಜೊತೆಗೆ ಪ್ರತಿಯೊಂದು ಟ್ರಸ್ಟೂ ಒಂದು ಕೆಲಸ ಮಾಡಬಹುದು: ತಮ್ಮ ಮನೆಯ ಸಂಕಟವನ್ನು ಗುಟ್ಟಾಗಿ ಹೇಳಿಕೊಳ್ಳಲು ನಂಬಿಕಸ್ಥರಾದ ಇಬ್ಬರು ಹಿರಿಯ ಶ್ರಾವಿಕೆಯರನ್ನು ಗೊತ್ತುಮಾಡುವುದು, ಹೆಣ್ಣುಮಗಳು ಕಾಣೆಯಾದ ದಿನವೇ ಠಾಣೆಗೆ ಹೋಗುವ ಮನೆಯವರ ಜೊತೆ ಟ್ರಸ್ಟಿನ ಒಬ್ಬರು ನಡೆಯುವುದು. ೨೦೨೪ರ ಜುಲೈ ಒಂದರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಪರಾಧ ಯಾವ ಊರಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. ‘ನಮ್ಮ ಹದ್ದಿನದಲ್ಲ’ ಎಂಬ ಮಾತಿಗೆ ಇನ್ನು ಎಡೆಯಿಲ್ಲ. ಕಾನೂನು ಆ ಒಂದು ಬಾಗಿಲು ತೆರೆದಿದೆ. ಮನೆಯ ಬಾಗಿಲನ್ನು ನಾವೇ ತೆರೆಯಬೇಕು. ವರದಕ್ಷಿಣೆ ಬೇಡವೆಂದು ಒಬ್ಬ ವಂಚಕ ಹೇಳಿದ ಮಾತು ಇಪ್ಪತ್ತು ಮನೆಗಳಲ್ಲಿ ಅಮೃತದಂತೆ ಕೇಳಿಸಿತು ಎಂದರೆ, ಆ ಮಾತನ್ನು ಹೇಳಬೇಕಾಗಿದ್ದ ಸಜ್ಜನರು ಅಷ್ಟು ದಿನ ಸುಮ್ಮನಿದ್ದರು ಎಂದಾಯಿತು. ವ್ಯಾಪಾರದಲ್ಲಿಯೂ ಸಂಸಾರದಲ್ಲಿಯೂ ಒಂದೇ ಕಿರ್ದಿ ಇಟ್ಟವರ ಮನೆಯಲ್ಲಿ ಇಂತಹ ವಂಚಕನಿಗೆ ಕುಳಿತುಕೊಳ್ಳಲು ಮಣೆ ಸಿಗುವುದಿಲ್ಲ.